ಕಾಯಂ ಎಂಬ ಮಾತಿನ ಲೆಕ್ಕ

ಹೊಳೆನರಸೀಪುರದಲ್ಲಿ ಹೇಮಾವತಿ ಹೊಳೆಗೆ ಅಷ್ಟೇನೂ ದೂರವಲ್ಲದ ಒಂದು ಮನೆಯನ್ನು ಊಹಿಸಿಕೊಳ್ಳಿ. ಯಜಮಾನರು ನಿವೃತ್ತ ಸರ್ಕಾರಿ ನೌಕರರು. ವಯಸ್ಸು 72. ಮನೆಯಾಕೆಗೆ 67. ಮಗ ಅಮೆರಿಕದ ನ್ಯೂಜೆರ್ಸಿಯಲ್ಲಿ ಎಂಜಿನಿಯರ್. ಅಲ್ಲಿನ ನಾಗರಿಕನೂ ಆಗಿದ್ದಾನೆ. ಮಗಳನ್ನು ಹಾಸನಕ್ಕೆ ಕೊಟ್ಟಿದೆ. ಆಕೆಯ ಮಗ ಪಿ.ಯು.ಸಿ. ವಿಜ್ಞಾನದ ವಿದ್ಯಾರ್ಥಿ. ಈ ಮನೆ ಕಲ್ಪನೆಯದು. ಆದರೆ ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ಬೀದಿಗಳಲ್ಲಿ ಇದನ್ನು ಹೋಲುವ ಮನೆಗಳಿಗೆ ಕೊರತೆಯಿಲ್ಲ.

ಮಗ ಅರ್ಜಿ ಹಾಕಿ ತಂದೆ ತಾಯಿಗೆ ಅಮೆರಿಕದ ಕಾಯಂ ವಾಸದ ಪರವಾನಗಿ ಮಾಡಿಸಿದ. ಅದೇ ಎಲ್ಲರೂ ಹೇಳುವ ಗ್ರೀನ್ ಕಾರ್ಡು. 2021ರ ಜೂನ್ 15ರಂದು ಇಬ್ಬರೂ ಅಲ್ಲಿ ಇಳಿದರು. ನಡುನಡುವೆ ಊರಿಗೆ ಬಂದು ಹೋದರು. 2023ರ ನವೆಂಬರ್ 10ರಂದು ಅಲ್ಲಿಂದ ಹೊರಟು ನರಕ ಚತುರ್ದಶಿಯ ಹೊತ್ತಿಗೆ ಮನೆ ಸೇರಿದರು. ಅರಕಲಗೂಡಿನಲ್ಲಿ ನೆಂಟರ ಮದುವೆಯಿತ್ತು. ಮಾರ್ಚಿಗೆ ವಾಪಸು ಟಿಕೆಟ್ಟೂ ಆಗಿತ್ತು. ಫೆಬ್ರವರಿಯಲ್ಲಿ ಯಜಮಾನರು ಬಚ್ಚಲುಮನೆಯಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿಯಿತು. ಹಾಸನದ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆಯಾಯಿತು. ಕೋಲೂರಿ ನಡೆಯುವ ಹೊತ್ತಿಗೆ ಮಳೆಗಾಲ ಬಂದಿತ್ತು. ಅಷ್ಟರಲ್ಲಿ ಚನ್ನರಾಯಪಟ್ಟಣದ ಬಳಿಯ ತೆಂಗಿನ ತೋಟದಲ್ಲಿ ಅಣ್ಣತಮ್ಮಂದಿರ ಪಾಲುಪಟ್ಟಿ ಎದ್ದಿತು. 2025ರ ಸಂಕ್ರಾಂತಿ ಬಂದೇಬಿಟ್ಟಿತು.

ಹಬ್ಬದ ಮರುದಿನ ಮೊಮ್ಮಗ ಕೇಳಿದ: "ಅಜ್ಜಿ, ನೀವು ಮಾವನ ಮನೆಗೆ ಯಾವಾಗ ಹೊರಡ್ತೀರಿ?"

"ಇನ್ನೇನು, ನಿಮ್ಮ ತಾತ ಮೆಟ್ಟಿಲು ಹತ್ತೋ ಹಾಗಾದ್ರೆ ಹೊರಡೋದೇ. ಕಾರ್ಡ್‌ನಲ್ಲಿ 2031ರವರೆಗೂ ಅಂತ ಇದೆಯಲ್ಲೋ" ಎಂದರು ಅಜ್ಜಿ.

ಅಜ್ಜಿ ಹೇಳಿದ್ದು ಸುಳ್ಳಲ್ಲ. ಕಾರ್ಡಿನಲ್ಲಿ ಹಾಗೆಯೇ ಅಚ್ಚಾಗಿದೆ. ಆದರೂ ಆ ದಿನ ಅವರು ವಿಮಾನ ನಿಲ್ದಾಣಕ್ಕೆ ಹೋಗಿದ್ದರೆ ಆ ಕಾರ್ಡೊಂದೇ ಅವರನ್ನು ಗಡಿ ದಾಟಿಸಲು ಸಾಲುತ್ತಿರಲಿಲ್ಲ. ಏಕೆ ಎಂಬುದನ್ನು ವಿದ್ಯಾರ್ಥಿಗಳೂ ಅವರ ಹಿರಿಯರೂ ಕೂಡಿಯೇ ತಿಳಿದುಕೊಳ್ಳುವುದು ಒಳ್ಳೆಯದು.

ದ್ರವ್ಯರಾಶಿ ಮತ್ತು ತೂಕ

ಹೈಸ್ಕೂಲಿನ ಭೌತವಿಜ್ಞಾನದಲ್ಲಿ ಮಕ್ಕಳು ಪದೇ ಪದೇ ಎಡವುವ ಒಂದು ಪಾಠವಿದೆ. ದ್ರವ್ಯರಾಶಿ ಬೇರೆ, ತೂಕ ಬೇರೆ. ಅರವತ್ತು ಕಿಲೋಗ್ರಾಂ ದ್ರವ್ಯರಾಶಿಯ ಮನುಷ್ಯ ಚಂದ್ರನ ಮೇಲೆ ಹೋದರೂ ಅವನ ದ್ರವ್ಯರಾಶಿ ಅರವತ್ತೇ. ತೂಕ ಮಾತ್ರ ಆರರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ದ್ರವ್ಯರಾಶಿ ಅವನ ಜೊತೆಗೇ ಹೋಗುತ್ತದೆ. ತೂಕ ಅವನು ಯಾವ ನೆಲದ ಮೇಲೆ ನಿಂತಿದ್ದಾನೆ ಎಂಬುದನ್ನು ಅವಲಂಬಿಸುತ್ತದೆ.

ನಾಗರಿಕತ್ವ ದ್ರವ್ಯರಾಶಿಯ ಹಾಗೆ. ಕಾಯಂ ವಾಸದ ಹಕ್ಕು ತೂಕದ ಹಾಗೆ. ಗ್ರೀನ್ ಕಾರ್ಡು ಪಡೆದ ಮಾತ್ರಕ್ಕೆ ಭಾರತೀಯ ನಾಗರಿಕತ್ವ ಹೋಗುವುದಿಲ್ಲ. ಈ ಅಜ್ಜಿ ಹತ್ತು ವರ್ಷ ಹೊರಗಿದ್ದು ದೇವನಹಳ್ಳಿಯ ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ ಇಳಿದರೂ, ಭಾರತದ ಪಾಸ್‌ಪೋರ್ಟ್ ಹಿಡಿದು ಭಾರತೀಯರ ಸಾಲಿನಲ್ಲೇ ನಿಲ್ಲುತ್ತಾರೆ. ಇಷ್ಟು ದಿನ ಎಲ್ಲಿದ್ದಿರಿ ಎಂಬ ಕಾರಣಕ್ಕೆ ಅವರ ನಾಡು ಅವರಿಗೆ ಬಾಗಿಲು ಹಾಕುವಂತಿಲ್ಲ. ಅಮೆರಿಕದ ನಾಗರಿಕನಾದ ಅವರ ಮಗನ ಸ್ಥಿತಿ ಇದಕ್ಕೆ ತಿರುಗುಮುರುಗು. ಆತ ಎಷ್ಟು ಕಾಲ ಹೊರಗಿದ್ದರೂ ಅಮೆರಿಕ ಅವನನ್ನು ಒಳಗೆ ಬಿಟ್ಟುಕೊಳ್ಳಲೇಬೇಕು. ಭಾರತಕ್ಕೆ ಬರಲು ಮಾತ್ರ ಅವನಿಗೆ ವೀಸಾ ಅಥವಾ ಓ.ಸಿ.ಐ. ಕಾರ್ಡು ಬೇಕು.

ತಂದೆ ತಾಯಿ ಅಲ್ಲಿ ನಾಗರಿಕರಲ್ಲ, ನಿವಾಸಿಗಳು. ನಿವಾಸಿ ಎನಿಸಿಕೊಳ್ಳಲು ವಾಸ ಮಾಡಬೇಕು. "ಕಾಯಂ" ಎಂಬ ಮಾತು ಇಲ್ಲಿ ಜನರನ್ನು ದಾರಿ ತಪ್ಪಿಸುತ್ತದೆ. ಕಾಯಂ ಆಗಿ ಇರಲು ಅನುಮತಿಯಿದೆ ಎಂದು ಅದರ ಅರ್ಥ. ಇರದಿದ್ದರೂ ಕಾಯಂ ಆಗಿ ಉಳಿಯುತ್ತದೆ ಎಂದಲ್ಲ. ಕಾರ್ಡಿನ ಮೇಲಿನ ಹತ್ತು ವರ್ಷ ಆ ಪ್ಲಾಸ್ಟಿಕ್ ತುಂಡಿನ ಆಯುಸ್ಸು ಮಾತ್ರ.

ಬೆರಳೆಣಿಕೆಯ ಆರು ತಿಂಗಳು

ಮೊಮ್ಮಗ ನೋಟ್‌ಬುಕ್ ತಂದು ಲೆಕ್ಕಕ್ಕೆ ಕುಳಿತ. ಅಮೆರಿಕದ ಕಾನೂನಿನಲ್ಲಿ ಎರಡು ಗೆರೆಗಳಿವೆ. ಮೊದಲನೆಯದು 180 ದಿನ. ಒಂದೇ ಸಲಕ್ಕೆ ಅದಕ್ಕಿಂತ ಕಡಮೆ ಹೊರಗಿದ್ದು ಮರಳುವ ಕಾಯಂ ನಿವಾಸಿಯನ್ನು, ಬೇರೆ ತಕರಾರಿಲ್ಲದಿದ್ದರೆ, ಹೊಸದಾಗಿ ಪ್ರವೇಶ ಕೇಳುವವನೆಂದು ಎಣಿಸುವುದಿಲ್ಲ. 180 ದಿನ ಮೀರಿದರೆ ಹೊಸಬನಿಗೆ ಕೇಳುವ ಪ್ರಶ್ನೆಗಳನ್ನು ಅವನಿಗೂ ಕೇಳಬಹುದು. ಎರಡನೆಯ ಗೆರೆ ಒಂದು ವರ್ಷ. ಒಂದು ವರ್ಷ ತುಂಬಿದ ಮೇಲೆ ಕಾರ್ಡು ಮರುಪ್ರವೇಶದ ದಾಖಲೆಯಾಗಿ ನಡೆಯುವುದಿಲ್ಲ, ಅದರ ಮೇಲೆ ಯಾವ ಇಸವಿ ಬರೆದಿದ್ದರೂ ಸರಿಯೇ.

ನಮ್ಮ ಹಿರಿಯರ ರೂಢಿಯ ಲೆಕ್ಕ "ಆರು ತಿಂಗಳು" ಎಂಬುದು. ನವೆಂಬರ್ 10ಕ್ಕೆ ಹೊರಟರೆ ಮೇ 10ಕ್ಕೆ ಆರು ತಿಂಗಳು. ದಿನ ಎಣಿಸಿ ನೋಡಿ. ಸಾಧಾರಣ ವರ್ಷದಲ್ಲಿ ಅದು 181 ದಿನ. ಫೆಬ್ರವರಿಗೆ 29 ದಿನವಿದ್ದ 2024ರಲ್ಲಿ 182 ದಿನ. ಮಾರ್ಚ್ 1ರಿಂದ ಸೆಪ್ಟೆಂಬರ್ 1ರವರೆಗೆ ಎಣಿಸಿದರೆ 184. ಅಂದರೆ ಬೆರಳೆಣಿಕೆಯಲ್ಲಿ ಸರಿಯಾಗಿ ಆರು ತಿಂಗಳಿಗೆ ಹೊರಡುವವರು ಗೆರೆಯನ್ನು ಆಗಲೇ ದಾಟಿರುತ್ತಾರೆ. ಕ್ಯಾಲೆಂಡರಿನಲ್ಲಿ ದಿನಗಳನ್ನೇ ಎಣಿಸಿ, ಅದಕ್ಕೂ ಎರಡು ವಾರ ಮೊದಲೇ ಟಿಕೆಟ್ ಮಾಡಿಸುವುದು ಜಾಣತನ. ವಿಮಾನ ರದ್ದಾಗುವುದು, ಜ್ವರ ಬರುವುದು ಯಾರ ಕೈಯಲ್ಲೂ ಇಲ್ಲ.

ಗಡಿಯಲ್ಲಿ ಯಾರು ಅಷ್ಟು ಎಣಿಸುತ್ತಾರೆ ಎಂದು ಕೇಳುವವರಿದ್ದಾರೆ. ಯಾರೂ ಬೆರಳು ಮಡಿಸಬೇಕಿಲ್ಲ. ವಿಮಾನ ಕಂಪೆನಿಗಳು ಪ್ರಯಾಣಿಕರ ಪಟ್ಟಿಯನ್ನು ಮುಂಚಿತವಾಗಿಯೇ ಅಮೆರಿಕದ ಅಧಿಕಾರಿಗಳಿಗೆ ಕಳಿಸುತ್ತವೆ. ಹೊರಟ ದಿನ, ಬಂದ ದಿನ ಎರಡೂ ಅವರ ಕಂಪ್ಯೂಟರಿನಲ್ಲಿ ಇರುತ್ತವೆ.

ನವೆಂಬರ್ 10, 2023ರಿಂದ ಜನವರಿ 15, 2025ರವರೆಗೆ ಹುಡುಗ ಎಣಿಸಿದಾಗ ಬಂದದ್ದು 432 ದಿನ. ಎರಡು ಗೆರೆಗಳೂ ಹಿಂದೆ ಬಿದ್ದಿದ್ದವು.

ಮನೆ ಎಲ್ಲಿದೆ?

ಹಾಗಾದರೆ ಪ್ರತಿ ಸಲವೂ ಐದೂವರೆ ತಿಂಗಳಿಗೆ ಓಡಿಹೋಗಿ, ಎರಡು ವಾರ ಇದ್ದು ಬಂದರೆ ಆಯಿತಲ್ಲ ಎಂದು ಯಾರಿಗಾದರೂ ಹೊಳೆಯಬಹುದು. ಅನೇಕರು ಇದನ್ನೇ ನಂಬಿದ್ದಾರೆ. ಇದು ತಪ್ಪು.

1975ರಲ್ಲಿ ಅಮೆರಿಕದ ವಲಸೆ ಮೇಲ್ಮನವಿ ಮಂಡಳಿಯ ಮುಂದೆ ಜಮೈಕಾದ ಒಬ್ಬ ಮಹಿಳೆಯ ಪ್ರಕರಣ ಬಂತು. ಆಕೆ ಜಮೈಕಾದಲ್ಲಿ ಒಂದು ವಸತಿಗೃಹ ನಡೆಸುತ್ತ ವರ್ಷಕ್ಕೆ ಹನ್ನೊಂದು ತಿಂಗಳು ಅಲ್ಲೇ ಇರುತ್ತಿದ್ದಳು. ಉಳಿದ ಒಂದು ತಿಂಗಳು ಅಮೆರಿಕಕ್ಕೆ ಬರುತ್ತಿದ್ದಳು. ಒಂದು ವರ್ಷದ ಗೆರೆಯನ್ನು ಆಕೆ ದಾಟಿರಲಿಲ್ಲ. ಆದರೂ ಮಂಡಳಿ ಆಕೆಯ ವಾದವನ್ನು ಒಪ್ಪಲಿಲ್ಲ. ಆಕೆಯ ನಿಜವಾದ ಮನೆ ಜಮೈಕಾದಲ್ಲಿದೆ, ಅಮೆರಿಕಕ್ಕೆ ಬರುವುದೇ ಭೇಟಿ ಎಂದು ತೀರ್ಮಾನವಾಯಿತು. ಊರಿಗೆ ಹೋದದ್ದು ತಾತ್ಕಾಲಿಕವೇ, ಹೋದ ಕೆಲಸಕ್ಕೆ ಒಂದು ಕೊನೆಯಿತ್ತೇ, ಮರಳುವ ಉದ್ದೇಶ ಗಟ್ಟಿಯಾಗಿತ್ತೇ ಎಂಬುದೇ ಪರೀಕ್ಷೆ.

ಉದ್ದೇಶ ಮನಸ್ಸಿನೊಳಗಿನದು. ಅದನ್ನು ಅಳೆಯುವ ಉಪಕರಣವಿಲ್ಲ. ಹೀಗಾಗಿ ಅಧಿಕಾರಿಗಳು ಹೊರಗಿನ ಗುರುತುಗಳನ್ನು ನೋಡುತ್ತಾರೆ. ಮಗನ ಮನೆಯಲ್ಲಿ ಇವರಿಗೆ ಸ್ಥಿರವಾದ ವಿಳಾಸವಿದೆಯೇ? ಅಲ್ಲಿ ಬ್ಯಾಂಕ್ ಖಾತೆ, ಆರೋಗ್ಯ ವಿಮೆ, ವೈದ್ಯರ ದಾಖಲೆ ಇವೆಯೇ? ವಾಪಸು ಟಿಕೆಟ್ ಇತ್ತೇ? ವರ್ಷ ವರ್ಷವೂ ನಿವಾಸಿಯಾಗಿಯೇ ಆದಾಯ ತೆರಿಗೆ ವಿವರ ಸಲ್ಲಿಸಿದ್ದಾರೆಯೇ?

ತೆರಿಗೆಯ ವಿಷಯ ಬಹಳ ಜನರಿಗೆ ಗೊತ್ತಿರುವುದಿಲ್ಲ. ಅಮೆರಿಕದ ಕಾಯಂ ನಿವಾಸಿ ತನ್ನ ಇಡೀ ಪ್ರಪಂಚದ ಆದಾಯವನ್ನು ಅಲ್ಲಿ ತೋರಿಸಬೇಕು. ಹೊಳೆನರಸೀಪುರದ ಮನೆ ಬಾಡಿಗೆ, ಹಾಸನದ ಬ್ಯಾಂಕಿನ ಠೇವಣಿಯ ಬಡ್ಡಿ, ಅರಕಲಗೂಡಿನ ಹೊಗೆಸೊಪ್ಪಿನ ಹಣ, ಚನ್ನರಾಯಪಟ್ಟಣದ ತೆಂಗಿನಕಾಯಿಯ ಹಣ ಎಲ್ಲವೂ ಅದರಲ್ಲಿ ಸೇರುತ್ತವೆ. ಕೃಷಿ ಆದಾಯಕ್ಕೆ ಭಾರತದಲ್ಲಿ ಆದಾಯ ತೆರಿಗೆಯಿಲ್ಲ ಎಂಬುದು ಅಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ತೆರಿಗೆ ಉಳಿಸಲೆಂದು "ನಾನು ಅಲ್ಲಿನ ನಿವಾಸಿಯಲ್ಲ" ಎಂದು ಬರೆದುಕೊಟ್ಟರೆ ಅದೇ ಕಾಗದ ಮುಂದೆ ಗಡಿಯಲ್ಲಿ ಸಾಕ್ಷಿ ಹೇಳುತ್ತದೆ.

ತಾಯಿಯನ್ನು ನೋಡಲು ಹೋದವನು

ದೀರ್ಘಕಾಲ ಹೊರಗಿದ್ದು ಮರಳಿದವರ ಕಥೆಗಳಲ್ಲಿ ಇಗ್ನಾಟ್ಸ್ ಮೆಜೈ ಎಂಬಾತನದು ಮರೆಯಲಾಗದ್ದು. ನ್ಯೂಯಾರ್ಕ್ ರಾಜ್ಯದ ಬಫಲೋ ನಗರದಲ್ಲಿ ಆತ ಇಪ್ಪತ್ತೈದು ವರ್ಷ ಸಂಸಾರ ಮಾಡಿಕೊಂಡಿದ್ದ. ಸಾಯುವ ಸ್ಥಿತಿಯಲ್ಲಿದ್ದ ತಾಯಿಯನ್ನು ನೋಡಲು 1948ರಲ್ಲಿ ರುಮೇನಿಯಕ್ಕೆ ಹೊರಟ. ಆ ದೇಶ ಅವನನ್ನು ಒಳಗೆ ಬಿಡಲಿಲ್ಲ. ಹಂಗೆರಿಯಲ್ಲಿ ಹತ್ತೊಂಬತ್ತು ತಿಂಗಳು ಸಿಕ್ಕಿಬಿದ್ದ. 1950ರ ಫೆಬ್ರವರಿಯಲ್ಲಿ ನ್ಯೂಯಾರ್ಕಿಗೆ ಮರಳಿದಾಗ ಭದ್ರತೆಯ ಕಾರಣ ಹೇಳಿ ಅವನನ್ನು ತಡೆದರು. ಪುರಾವೆ ಏನೆಂದು ತಿಳಿಸಲಿಲ್ಲ. ಬೇರೆ ದೇಶಗಳೂ ಅವನನ್ನು ಕರೆದುಕೊಳ್ಳಲಿಲ್ಲ. ಎಲ್ಲಿಸ್ ದ್ವೀಪದಲ್ಲಿ ಅವನನ್ನು ಇರಿಸಿದರು. 1953ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಐದು ಮಂದಿ ಒಂದು ಕಡೆ, ನಾಲ್ಕು ಮಂದಿ ಇನ್ನೊಂದು ಕಡೆಯಾಗಿ ಅವನ ವಿರುದ್ಧ ತೀರ್ಪಿತ್ತಿತು. ಮರುಪ್ರವೇಶದ ಕಾಗದವಿಲ್ಲದೆ ಅಷ್ಟು ಕಾಲ ಹೊರಗಿದ್ದದ್ದು ಅವನ ವಾಸದ ಎಳೆಯನ್ನು ಕಡಿದುಹಾಕಿತು ಎಂಬುದು ತೀರ್ಪಿನ ಒಂದು ಅಂಶ. 1954ರಲ್ಲಿ ಅವನನ್ನು ಹೊರಗೆ ಬಿಟ್ಟರು.

ಅದೇ 1953ರಲ್ಲಿ ಅದೇ ನ್ಯಾಯಾಲಯ ಕ್ವಾಂಗ್ ಹಾಯ್ ಚ್ಯೂ ಎಂಬ ಕಾಯಂ ನಿವಾಸಿಯ ಪರವಾಗಿ ತೀರ್ಪು ಕೊಟ್ಟಿತು. ಆತ ಅಮೆರಿಕದ ಹಡಗಿನಲ್ಲೇ ಕೆಲಸಗಾರನಾಗಿ ಕೆಲವು ತಿಂಗಳು ಹೋಗಿ ಬಂದಿದ್ದ. ವಾಸದ ಎಳೆ ಕಡಿದಿಲ್ಲ, ಆದ್ದರಿಂದ ವಿಚಾರಣೆಯಿಲ್ಲದೆ ಹೊರಗಟ್ಟುವಂತಿಲ್ಲ ಎಂದಿತು. ಇಬ್ಬರೂ ಹೊರಗೆ ಹೋದವರೇ. ಒಬ್ಬನ ಎಳೆ ಉಳಿಯಿತು, ಇನ್ನೊಬ್ಬನದು ಕಡಿಯಿತು.

ವರ್ಷ ಮೀರುವುದಾದರೆ

ಹೆಚ್ಚು ಕಾಲ ಹೊರಗಿರಬೇಕಾಗುತ್ತದೆ ಎಂದು ಮೊದಲೇ ಗೊತ್ತಿದ್ದರೆ ದಾರಿಯಿದೆ. ಮರುಪ್ರವೇಶ ಪರವಾನಗಿ ಎಂಬ ಪುಸ್ತಕವನ್ನು ಪಡೆಯಬಹುದು. ಸಾಮಾನ್ಯವಾಗಿ ಅದರ ಅವಧಿ ಎರಡು ವರ್ಷ. ಆದರೆ ಅರ್ಜಿ ಹಾಕುವಾಗ ಅರ್ಜಿದಾರರು ಅಮೆರಿಕದ ನೆಲದ ಮೇಲೆಯೇ ಇರಬೇಕು. ಊರಿಗೆ ಬಂದು ಕುಳಿತ ಮೇಲೆ ಅದನ್ನು ಕೇಳಲು ಆಗುವುದಿಲ್ಲ. ಅದರ ಅವಧಿಯನ್ನು ವಿಸ್ತರಿಸುವುದೂ ಇಲ್ಲ.

ಗೊತ್ತಿಲ್ಲದೆ ವರ್ಷ ಮೀರಿದವರಿಗೆ ಇರುವುದು ಮರಳುವ ನಿವಾಸಿಯ ವೀಸಾ. ಅದಕ್ಕೆ ಎಸ್‌ಬಿ-1 ಎಂದು ಹೆಸರು. ಭಾರತದಲ್ಲಿರುವ ಅಮೆರಿಕದ ದೂತಾವಾಸ ಕಚೇರಿಗೆ ಪ್ರಯಾಣಕ್ಕೆ ಮೂರು ತಿಂಗಳಾದರೂ ಮುಂಚೆ ಅರ್ಜಿ ಹಾಕಬೇಕು. ಮೂರು ಮಾತುಗಳನ್ನು ರುಜುವಾತು ಪಡಿಸಬೇಕು. ಹೊರಟಾಗ ಕಾಯಂ ನಿವಾಸಿಯಾಗಿದ್ದೆ. ಮರಳುವ ಉದ್ದೇಶದಿಂದಲೇ ಹೊರಟೆ, ಆ ಉದ್ದೇಶವನ್ನು ಬಿಟ್ಟಿಲ್ಲ. ತಡವಾದದ್ದು ನನ್ನ ಕೈಮೀರಿದ ಕಾರಣದಿಂದ.

ಮೂರನೆಯದೇ ಕಷ್ಟದ್ದು. ಹೊಳೆನರಸೀಪುರದ ಈ ದಂಪತಿಗಳನ್ನೇ ನೋಡಿ. ಮಾರ್ಚ್ ತಿಂಗಳ ವಾಪಸು ಟಿಕೆಟ್, ಆಸ್ಪತ್ರೆಯ ಬಿಡುಗಡೆ ಪತ್ರ, ಎಕ್ಸ್‌ರೇ, ವೈದ್ಯರು ಪ್ರಯಾಣ ಬೇಡವೆಂದು ಬರೆದ ಚೀಟಿ ಇವೆಲ್ಲ ಗಟ್ಟಿ ಪುರಾವೆಗಳು. ಮುರಿದ ಮೂಳೆ ಕೈಮೀರಿದ್ದು ಎಂದು ಯಾರಾದರೂ ಒಪ್ಪುತ್ತಾರೆ. ಪಾಲುಪಟ್ಟಿ ಹಾಗಲ್ಲ. ವಕೀಲರಿಗೆ ಅಧಿಕಾರಪತ್ರ ಕೊಟ್ಟು ಹೊರಡಬಹುದಿತ್ತಲ್ಲ ಎಂದು ಅಧಿಕಾರಿ ಕೇಳಿದರೆ ಉತ್ತರ ಹೇಳುವುದು ಕಷ್ಟ. 432 ದಿನಗಳಲ್ಲಿ ಎಷ್ಟು ದಿನ ಮೂಳೆಗೆ, ಎಷ್ಟು ದಿನ ತೋಟಕ್ಕೆ ಎಂಬುದೇ ಪ್ರಶ್ನೆಯಾಗುತ್ತದೆ. ಪಹಣಿ, ಖಾತೆ, ನ್ಯಾಯಾಲಯದ ಕಾಗದಗಳು ಕನ್ನಡದಲ್ಲಿದ್ದರೆ ಅವನ್ನು ಇಂಗ್ಲಿಷಿಗೆ ತರ್ಜುಮೆ ಮಾಡಿಸಿ, ತರ್ಜುಮೆ ಸರಿಯಿದೆ ಎಂಬ ದೃಢೀಕರಣ ಸೇರಿಸಿಡಬೇಕು.

2020ರಲ್ಲಿ ಇಂಥ ಕಾರಣ ಇಡೀ ದೇಶಕ್ಕೇ ಒದಗಿತ್ತು. ಕೊರೋನಾ ಹರಡಿದಾಗ ಮಾರ್ಚ್ ಕೊನೆಯಲ್ಲಿ ಅಂತರರಾಷ್ಟ್ರೀಯ ವಿಮಾನಗಳು ನಿಂತುಹೋದವು. ಮೇ 7ರಿಂದ ವಂದೇ ಭಾರತ್ ವಿಮಾನಗಳು ಹಾರಿದರೂ, ನಿಯಮಿತ ಸಂಚಾರ ಪುನಃ ಆರಂಭವಾದದ್ದು 2022ರ ಮಾರ್ಚ್ 27ರಂದು. ರದ್ದಾದ ಟಿಕೆಟ್ಟುಗಳನ್ನು ಜೋಪಾನವಾಗಿಟ್ಟವರ ಕೈಯಲ್ಲಿ ಆ ಕಾಲದ ಒಂದು ಪುರಾವೆ ಉಳಿಯಿತು. ಬೇಡವೆಂದು ಎಸೆದವರು ಬರೀ ಬಾಯಿಮಾತಿನಲ್ಲಿ ವಿವರಿಸಬೇಕಾಯಿತು.

ಬೇರೆ ದೇಶಗಳ ಗಣಿತ

ಮುಂದೆ ಓದಲು, ದುಡಿಯಲು ಹೊರಡುವ ವಿದ್ಯಾರ್ಥಿಗಳು ಒಂದು ಮಾತು ನೆನಪಿಡಬೇಕು. ಎಲ್ಲ ದೇಶಗಳಲ್ಲೂ ಇದೇ ಲೆಕ್ಕವಿಲ್ಲ. ಕೆನಡಾದಲ್ಲಿ ಕಾಯಂ ನಿವಾಸಿ ಪ್ರತಿ ಐದು ವರ್ಷಗಳಲ್ಲಿ ಒಟ್ಟು 730 ದಿನ ಆ ದೇಶದಲ್ಲಿ ಇರಬೇಕು. ಸತತವಾಗಿ ಇರಬೇಕೆಂದಿಲ್ಲ, ಬಿಡಿ ದಿನಗಳನ್ನು ಕೂಡಿಸಬಹುದು. ಒಂದು ಅಧಿಕ ವರ್ಷ ಸೇರಿದ ಐದು ವರ್ಷಕ್ಕೆ 1826 ದಿನ. ಅದರಲ್ಲಿ 730 ಕಳೆದರೆ 1096 ದಿನ ಹೊರಗಿರಬಹುದು. ಕಾರ್ಡಿನ ಅವಧಿ ಮುಗಿದ ಮಾತ್ರಕ್ಕೆ ಅಲ್ಲಿನ ಸ್ಥಾನ ತಾನಾಗಿ ಹೋಗುವುದಿಲ್ಲ. ಆದರೆ ಹೊರಗಿದ್ದಾಗ ಕಾರ್ಡು ಮುಗಿದರೆ ವಿಮಾನ ಹತ್ತಲು ಬೇರೆಯದೇ ಪ್ರಯಾಣ ಪತ್ರ ಬೇಕು.

ಬ್ರಿಟನ್ನಿನಲ್ಲಿ ಅನಿರ್ದಿಷ್ಟ ಕಾಲ ಇರುವ ಅನುಮತಿ ಪಡೆದವರು ಸತತವಾಗಿ ಎರಡು ವರ್ಷಕ್ಕಿಂತ ಹೆಚ್ಚು ಹೊರಗಿದ್ದರೆ ಸಾಮಾನ್ಯವಾಗಿ ಆ ಅನುಮತಿ ಬಿದ್ದುಹೋಗುತ್ತದೆ. ಮರಳಬೇಕಾದರೆ ಮರಳುವ ನಿವಾಸಿಯ ವೀಸಾಕ್ಕೆ ಅರ್ಜಿ ಹಾಕಬೇಕು. ಆಸ್ಟ್ರೇಲಿಯಾದ ಕಾಯಂ ವೀಸಾದಲ್ಲಿ ಹೋಗಿ ಬರುವ ಅನುಕೂಲ ಸಾಮಾನ್ಯವಾಗಿ ಐದು ವರ್ಷಕ್ಕೆ ಮಾತ್ರ. ಆಮೇಲೆ ಹೊರಗೆ ಹೋಗಿ ಬರಲು ಮರಳುವ ನಿವಾಸಿಯ ವೀಸಾ ಬೇಕು. ಸಿಂಗಪುರದ ಕಾಯಂ ನಿವಾಸಿ ಮರುಪ್ರವೇಶ ಪರವಾನಗಿಯಿಲ್ಲದೆ ಹೊರಗಿದ್ದರೆ ಸ್ಥಾನವನ್ನೇ ಕಳೆದುಕೊಳ್ಳಬಹುದು. ನೆರೆಮನೆಯವರ ಮಗ ಟೊರಾಂಟೊದಲ್ಲಿ ಮೂರು ವರ್ಷ ಹೀಗೆ ಮಾಡಿದ ಎಂದು ನ್ಯೂಜೆರ್ಸಿಯ ಕಾರ್ಡು ಹಿಡಿದವರು ಹಾಗೆಯೇ ಮಾಡಲು ಹೋದರೆ, ಒಂದು ಲೆಕ್ಕದ ಸೂತ್ರವನ್ನು ಇನ್ನೊಂದು ಲೆಕ್ಕಕ್ಕೆ ಹಚ್ಚಿದಂತೆ.

ರುಜು ಹಾಕುವ ಮುನ್ನ

2025ರ ಮಾರ್ಚಿನಲ್ಲಿ ಭಾರತದ ಪತ್ರಿಕೆಗಳಲ್ಲಿ ಒಂದು ಸುದ್ದಿ ಬಂತು. ಚಳಿಗಾಲವನ್ನು ಊರಿನಲ್ಲಿ ಕಳೆದು ಅಮೆರಿಕಕ್ಕೆ ಮರಳಿದ ಕೆಲವು ವೃದ್ಧರನ್ನು ವಿಮಾನ ನಿಲ್ದಾಣದಲ್ಲಿ ಬೇರೆ ಕೋಣೆಗೆ ಕರೆದು, ಕಾರ್ಡು ಬಿಟ್ಟುಕೊಡುವ ಕಾಗದಕ್ಕೆ ರುಜು ಹಾಕಲು ಒತ್ತಾಯಿಸಲಾಯಿತು ಎಂದು ಅಲ್ಲಿನ ವಲಸೆ ವಕೀಲರು ಹೇಳಿದ್ದರು. ಆ ಕಾಗದಕ್ಕೆ ಐ-407 ನಮೂನೆ ಎಂದು ಹೆಸರು. ಸ್ವ ಇಚ್ಛೆಯಿಂದ ಕಾಯಂ ವಾಸ ತೊರೆಯುವವರಿಗಾಗಿ ಅದು ಇರುವುದು.

ಇಪ್ಪತ್ತು ಗಂಟೆ ಪ್ರಯಾಣ ಮಾಡಿ, ಕಾಲು ಊದಿಕೊಂಡು, ಭಾಷೆ ಸರಿಯಾಗಿ ತಿಳಿಯದೆ ನಿಂತ ಹಿರಿಯರಿಗೆ ಒಂದು ವಿಷಯ ಮನೆಯಲ್ಲೇ ಹೇಳಿ ಕಳಿಸಬೇಕು. ಆ ಕಾಗದಕ್ಕೆ ರುಜು ಹಾಕಲೇಬೇಕೆಂಬ ನಿಯಮವಿಲ್ಲ. ಒಪ್ಪಿಗೆಯಿಲ್ಲದಿದ್ದರೆ "ನನಗೆ ವಲಸೆ ನ್ಯಾಯಾಧೀಶರ ಮುಂದೆ ವಿಚಾರಣೆ ಬೇಕು" ಎಂದು ಕೇಳುವ ಹಕ್ಕಿದೆ. ವಾಸ ತೊರೆದಿದ್ದಾರೆ ಎಂದು ಅಲ್ಲಿ ಸ್ಪಷ್ಟ ಪುರಾವೆಯಿಂದ ತೋರಿಸುವ ಹೊಣೆ ಸರ್ಕಾರದ್ದು. ಅಧಿಕಾರಿ ಕಾರ್ಡನ್ನು ತೆಗೆದುಕೊಂಡರೂ ಆ ತೀರ್ಮಾನ ಆಗುವವರೆಗೆ ಸ್ಥಾನ ಹೋಗುವುದಿಲ್ಲ. ಅರ್ಥವಾಗದ ಕಾಗದಕ್ಕೆ ರುಜು ಹಾಕಬಾರದೆಂಬ ಬುದ್ಧಿ ನಮ್ಮ ತಾಲ್ಲೂಕು ಕಚೇರಿಗಳಲ್ಲಿ ಅಲೆದ ಹಿರಿಯರಿಗೆ ಹೊಸದಲ್ಲ. ವಿಮಾನ ನಿಲ್ದಾಣದಲ್ಲೂ ಅದೇ ಬುದ್ಧಿ ಬಳಸಿದರೆ ಸಾಕು. ಸುಳ್ಳು ಮಾತ್ರ ಹೇಳಬಾರದು. ಎಷ್ಟು ದಿನ ಹೊರಗಿದ್ದಿರಿ ಎಂದು ಕೇಳಿದರೆ ಸರಿಯಾದ ಸಂಖ್ಯೆಯನ್ನೇ ಹೇಳಬೇಕು.

ಇಲ್ಲಿ ಇನ್ನೊಂದು ಮಾತೂ ಇದೆ. ಬೆದರಿಸಿ ಪಡೆದ ರುಜು ತಪ್ಪು. ಯೋಚಿಸಿ ಹಾಕಿದ ರುಜು ಸೋಲಲ್ಲ. ನಿಜವಾಗಿ ಊರಿನಲ್ಲೇ ಬಾಳುವ ಹಿರಿಯರು ಕಾರ್ಡನ್ನು ಮರ್ಯಾದೆಯಿಂದ ಹಿಂದಿರುಗಿಸಿ, ಪ್ರವಾಸಿ ವೀಸಾಕ್ಕೆ ಅರ್ಜಿ ಹಾಕಬಹುದು. ಅದು ಸಿಕ್ಕೇ ಸಿಗುತ್ತದೆಂಬ ಖಾತರಿಯಿಲ್ಲ. ಸಿಕ್ಕರೆ ಸಾಮಾನ್ಯವಾಗಿ ಒಂದು ಸಲಕ್ಕೆ ಆರು ತಿಂಗಳವರೆಗೆ ಇರಬಹುದು. ಮುಂದೆ ಮನಸ್ಸು ಬದಲಾದರೆ, ನಾಗರಿಕನಾದ ಮಗ ತಂದೆ ತಾಯಿಗಾಗಿ ಪುನಃ ಅರ್ಜಿ ಹಾಕಬಹುದು. ತಂದೆ ತಾಯಿಯ ಅರ್ಜಿಗೆ ವರ್ಷಕ್ಕೆ ಇಷ್ಟೇ ಎಂಬ ಸಂಖ್ಯೆಯ ಮಿತಿಯಿಲ್ಲ.

ಎರಡು ದಾರಿ

ಹಾಸನ ಜಿಲ್ಲೆಯ ಇಬ್ಬರು ದೊಡ್ಡ ಬರಹಗಾರರು ಈ ಎರಡು ದಾರಿಗಳನ್ನು ತೋರಿಸುತ್ತಾರೆ. ಹಾಸನದಲ್ಲಿ 1908ರಲ್ಲಿ ಹುಟ್ಟಿದ ರಾಜಾರಾವ್ 1929ರಲ್ಲಿ ಫ್ರಾನ್ಸಿಗೆ ಓದಲು ಹೋದರು. ಮುಂದೆ ಅಮೆರಿಕದ ಟೆಕ್ಸಾಸ್ ವಿಶ್ವವಿದ್ಯಾಲಯದಲ್ಲಿ ತತ್ತ್ವಶಾಸ್ತ್ರ ಕಲಿಸಿದರು. 2006ರಲ್ಲಿ ಅಲ್ಲಿನ ಆಸ್ಟಿನ್ ನಗರದಲ್ಲಿಯೇ ತೀರಿಕೊಂಡರು. ಗೊರೂರು ರಾಮಸ್ವಾಮಿ ಅಯ್ಯಂಗಾರ್ಯರು ಅಮೆರಿಕವನ್ನು ಕಣ್ಣು ತುಂಬ ನೋಡಿ ಊರಿಗೆ ಮರಳಿ "ಅಮೆರಿಕಾದಲ್ಲಿ ಗೊರೂರು" ಬರೆದರು. ಅದಕ್ಕೆ 1980ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಒಬ್ಬರು ಅಲ್ಲಿ ನೆಲೆಸಿದರು, ಒಬ್ಬರು ನೋಡಿ ಬಂದರು. ಎರಡರಲ್ಲಿ ಯಾವುದೂ ಕಡಮೆಯದಲ್ಲ. ಕಷ್ಟವಾಗುವುದು ನೋಡಿ ಬರುವ ಮನಸ್ಸಿಟ್ಟುಕೊಂಡು ನೆಲೆಸುವವರ ಕಾರ್ಡು ಹಿಡಿದಾಗ.

ಹೊಳೆನರಸೀಪುರದ ಮನೆಯಲ್ಲಿ ಅಂದು ಸಂಜೆಯ ಹೊತ್ತಿಗೆ ಮೊಮ್ಮಗನ ಲೆಕ್ಕ ಮುಗಿಯಿತು. ಕಾರ್ಡು ಬಂದ 2021ರ ಜೂನ್ 15ರಿಂದ ಆ ದಿನದವರೆಗೆ 1310 ದಿನ. ಮೊದಲ ಮೂರು ಸಲ ಊರಿಗೆ ಬಂದು ಇದ್ದದ್ದು 160 ದಿನದಂತೆ 480. ಈ ಸಲದ್ದು 432. ಕೂಡಿದರೆ ಇಲ್ಲಿ 912 ದಿನ, ಅಲ್ಲಿ 398 ದಿನ. ನೂರರಲ್ಲಿ ಎಪ್ಪತ್ತು ಪಾಲು ಇಲ್ಲಿ.

ರಾತ್ರಿ ನ್ಯೂಜೆರ್ಸಿಗೆ ಫೋನು ಮಾಡಿದಾಗ ಹುಡುಗ ಆ ಎರಡು ಸಂಖ್ಯೆಗಳನ್ನು ಓದಿದ. ಮಗನಿಗೆ ಬೇಸರವಾಯಿತು. "ಅಪ್ಪ ಮತ್ತೆ ಬಿದ್ದರೆ ಆ ಮನೇಲಿ ಯಾರಿದ್ದಾರೆ ನೋಡ್ಕೊಳ್ಳೋಕೆ?" ಎಂದ. ಆ ಮಾತೂ ಸುಳ್ಳಲ್ಲ. ಕಾರ್ಡು ಮಾಡಿಸಿದ್ದೇ ಆ ಭಯದಿಂದ.

ಯಜಮಾನರು ಸ್ವಲ್ಪ ಹೊತ್ತು ಸುಮ್ಮನಿದ್ದು ಹೆಂಡತಿಯನ್ನು ಕೇಳಿದರು: "ನಾವು ಹೋಗೋದು ಅವನನ್ನ ನೋಡೋಕೋ, ಅವನ ಜೊತೆ ಇರೋಕೋ?"

"ಆ ಪ್ರಶ್ನೇನ ಅರ್ಜಿ ಹಾಕೋ ದಿನವೇ ಕೇಳ್ಕೋಬೇಕಿತ್ತು" ಎಂದರು ಆಕೆ.

ಉತ್ತರ ಆ ಮನೆಯವರದು. ಎಸ್‌ಬಿ-1 ಅರ್ಜಿ ಹಾಕುವುದೋ, ಕಾರ್ಡು ಹಿಂದಿರುಗಿಸುವುದೋ ಎಂಬುದನ್ನು ವಕೀಲರಿಗಿಂತ ಮೊದಲು ಅವರೇ ತೀರ್ಮಾನಿಸಬೇಕು. ಪ್ರಶ್ನೆ ಮಾತ್ರ ಎಲ್ಲ ಮನೆಗಳದು. ಹೊರದೇಶದ ಕಾಯಂ ವಾಸಕ್ಕೆ ಅರ್ಜಿ ತುಂಬುವ ಮೊದಲೇ ತಂದೆ ತಾಯಿ, ಮಕ್ಕಳು ಕುಳಿತು ಇದನ್ನು ಮಾತಾಡಿಕೊಳ್ಳುವುದು ಒಳಿತು. ಅರ್ಜಿ ಹಾಕಿದ ಮೇಲೆ ಮನೆಯಲ್ಲಿ ಓದುವ ಮಗುವಿನ ಕೈಗೆ ಒಂದು ನೋಟ್‌ಬುಕ್ ಕೊಡಿ. ಹೊರಟ ದಿನ, ಬಂದ ದಿನ, ಕಾರಣ ಎಂದು ಮೂರು ಕಲಂ ಹಾಕಿಸಿ, ಟಿಕೆಟ್ಟು, ಆಸ್ಪತ್ರೆ ಚೀಟಿಗಳನ್ನು ಅದರ ಹಿಂದೆ ಅಂಟಿಸಿ. ಅಂಥ ಒಂದು ಪುಸ್ತಕವನ್ನು ಕೈಚೀಲದಲ್ಲಿಟ್ಟುಕೊಂಡ ಅಜ್ಜಿ, ಗಡಿಯ ಮೇಜಿನ ಮುಂದೆ ನಿಂತು ಕೇಳಿದ್ದಕ್ಕೆ ಧೈರ್ಯವಾಗಿ ಉತ್ತರ ಹೇಳಬಲ್ಲರು.